ಬಾಡಿಗೆ ಕೋಣೆ

ಕಾಸರಗೋಡಿನಿಂದ ಕೊಚ್ಚಿಗೆ ಕೆಲಸಕ್ಕೆ ಹೋದಾಗ ನನಗಿದ್ದ ಹೆದರಿಕೆ ಮಲಯಾಳದ್ದು, ಕೋಣೆಯದ್ದಲ್ಲ. ನನ್ನ ಹರಕು ಮಲಯಾಳಕ್ಕೂ ಅರ್ಧ ಗಂಟೆಯಲ್ಲಿ ಕೋಣೆ ಸಿಕ್ಕಿತು. ಮನೆಯೊಡತಿ ಊರು ಕೇಳಿದರು, ಮುಂಗಡ ತಗೊಂಡರು, ಬೀಗದಕೈ ಕೊಟ್ಟರು, ಅಷ್ಟೇ ಮಾರಾಯ್ರೆ!

ಅದೇ ಊರಲ್ಲಿ 2017ರಲ್ಲಿ ಮೆಟ್ರೋ ರೈಲು ಶುರುವಾದಾಗ, ಕುಟುಂಬಶ್ರೀ ಮೂಲಕ 23 ಮಂದಿ ಟ್ರಾನ್ಸ್‌ಜೆಂಡರ್‌ಗಳಿಗೆ ಟಿಕೆಟು ಕೊಡುವ, ಶುಚಿ ಮಾಡುವ ಕೆಲಸ ಸಿಕ್ಕಿತ್ತು. ತಿರುವನಂತಪುರದ ಸರಕಾರ 2015ರಲ್ಲೇ ಅವರಿಗೊಂದು ನೀತಿ ಹೊರಡಿಸಿತ್ತು. ದೇಶವೆಲ್ಲ ಹೊಗಳಿತು. ತಿಂಗಳು ತುಂಬುವ ಮೊದಲೇ ಎಂಟು ಮಂದಿ ಕೆಲಸ ಬಿಟ್ಟರು. ಯಾರೂ ಮನೆ ಕೊಡಲಿಲ್ಲ. ಲಾಡ್ಜಿನ ದಿನಬಾಡಿಗೆಗೆ ಸಂಬಳ ಸಾಲಲಿಲ್ಲ.

ಇದನ್ನು ಓದಿದ ರಾತ್ರಿ ಅಮ್ಮನಿಗೆ ಫೋನು ಮಾಡಿದೆ. "ನಮ್ಮ ಮಹಡಿ ಕೋಣೆ ಖಾಲಿ ಉಂಟಲ್ಲ, ಅವರು ಯಾರಾದ್ರೂ ಬಂದು ಕೇಳಿದ್ರೆ ಕೊಡ್ತೀಯಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿಂಗೆ ಅಲ್ಲಿ ಊಟ ಸರಿ ಉಂಟಾ?" ಅಂದಳು.