ಕೂಡಲಿಯಲ್ಲಿ ಕೂಡುವ ಮಾತು

ಕೂಡಿ ಬಾಳಿದವರು ಅಗಲುವುದಕ್ಕೆ ಯಾವ ಏರ್ಪಾಡೂ ಬೇಕಾಗುವುದಿಲ್ಲ. ಅದು ತಾನಾಗಿಯೇ ನಡೆದುಹೋಗುತ್ತದೆ. ಅಗಲಿದವರು ಮತ್ತೆ ಕೂಡಬೇಕಾದರೆ ಮಾತ್ರ ಪಂಚಾಂಗ ನೋಡಬೇಕು, ಹತ್ತು ಕಡೆಗೆ ಹೇಳಿಕಳುಹಬೇಕು, ಊಟ ವಸತಿಗಳ ಚಿಂತೆಯನ್ನು ಯಾರಾದರೊಬ್ಬರು ತಲೆಯ ಮೇಲೆ ಹೊರಬೇಕು. ಈ ಭಾರ ಈ ಸಲ ನನ್ನ ಪಾಲಿಗೆ ಬಂದಿತು. ಅದರ ನಿಮಿತ್ತವಾಗಿಯೇ ನಾನು ಕೂಡಲಿ ಕ್ಷೇತ್ರವನ್ನು ಕಾಣುವಂತಾಯಿತು.

ನಾವು ಏಳು ಮಂದಿ. 1999ರಲ್ಲಿ ಬೆಂಗಳೂರಿನ ಕೋರಮಂಗಲದ ಬಾಡಿಗೆಯ ಕಟ್ಟಡವೊಂದರಲ್ಲಿ, ಒಂದೇ ಉದ್ದನೆಯ ಮೇಜಿನ ಎರಡೂ ಬದಿಗೆ ಕುಳಿತು ಸಾಫ್ಟ್‌ವೇರ್ ಬರೆಯುತ್ತಿದ್ದವರು. ಆ ವರ್ಷ ಲೋಕವೆಲ್ಲ ಒಂದು ವಿಚಿತ್ರವಾದ ಭಯದಲ್ಲಿತ್ತು. ಹಳೆಯ ಕಾಲದ ಕೋಬಾಲ್ ಭಾಷೆಯ ಕ್ರಮವಿಧಿಗಳಲ್ಲಿ ಜಾಗವನ್ನು ಉಳಿಸುವ ಸಲುವಾಗಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಡುತ್ತಿದ್ದರು. 99 ಕಳೆದು 00 ಬಂದೊಡನೆ ಯಂತ್ರವು ಅದನ್ನು 1900 ಎಂದು ಬಗೆದರೆ ಬ್ಯಾಂಕಿನ ಬಡ್ಡಿ, ವಿಮೆಯ ಕಂತು, ವಿಮಾನದ ವೇಳೆ, ಎಲ್ಲವೂ ತಲೆಕೆಳಗಾಗುವ ಸಂಭವವಿತ್ತು. ಲಕ್ಷಾಂತರ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದುವ ಆ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂದಿತು. ಡಿಸೆಂಬರ್ 31ರ ರಾತ್ರಿ ನಾವು ಏಳೂ ಮಂದಿ ಕಚೇರಿಯಲ್ಲೇ ಎಚ್ಚರವಿದ್ದೆವು. ಏನೂ ಆಗಲಿಲ್ಲ. 2000ದ ಫೆಬ್ರವರಿ 29ರಂದು ಮತ್ತೊಮ್ಮೆ ಕಾವಲು ಕುಳಿತೆವು. ನೂರರಿಂದ ಭಾಗವಾಗುವ ವರ್ಷಗಳಿಗೆ ಅಧಿಕ ದಿನವಿಲ್ಲ, ಆದರೆ ನಾನೂರರಿಂದ ಭಾಗವಾದರೆ ಉಂಟು. ಇದನ್ನು ಮರೆತು ಬರೆದವರೂ ಇದ್ದರಷ್ಟೆ! ಆ ರಾತ್ರಿಯೂ ಏನೂ ಆಗಲಿಲ್ಲ. ಏನೂ ಆಗದಿರುವಂತೆ ನೋಡಿಕೊಳ್ಳುವುದೇ ನಮ್ಮ ವೃತ್ತಿಯ ಹಿರಿಮೆ. ಅದನ್ನು ಯಾರೂ ಕಾಣದಿರುವುದೇ ಅದರ ದುರದೃಷ್ಟ.

ಆ ಬಳಿಕ ದಾರಿಗಳು ಬೇರೆಯಾದವು. ಒಬ್ಬನು ಅಮೆರಿಕದ ಸಿಯಾಟಲ್ ನಗರದಲ್ಲಿ ನೆಲೆಸಿದನು. ಇನ್ನೊಬ್ಬನು ಸಿಂಗಪುರದ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಗೇರಿದನು. ಒಬ್ಬನು ಕೆಲಸವನ್ನು ತೊರೆದು ಧಾರವಾಡದಲ್ಲಿ ಮಕ್ಕಳಿಗೆ ಗಣಿತವನ್ನು ಕಲಿಸುತ್ತಿದ್ದಾನೆ. ಭದ್ರಾವತಿಯ ಕಡೆಯ ನಮ್ಮ ಗೆಳತಿ ಹತ್ತು ವರ್ಷ ಮಕ್ಕಳನ್ನು ಸಾಕಿ, ಮತ್ತೆ ಕಿರಿಯರ ಸಾಲಿನಲ್ಲಿ ಕುಳಿತು ಹೊಸದಾಗಿ ಕಲಿತು ಇಂದು ನಮ್ಮೆಲ್ಲರಿಗಿಂತ ಚುರುಕಾಗಿದ್ದಾಳೆ. ಮತ್ತೊಬ್ಬನಿಗೆ ಐವತ್ತರ ಗಡಿ ದಾಟಿದ ಮೇಲೆ ಕೆಲಸ ಹೋಗಿದೆ. ಅವನು ಬರೆಯುತ್ತಿದ್ದುದನ್ನು ಈಗ ಯಂತ್ರವೇ ಬರೆಯುತ್ತದೆಯಂತೆ. ನಾನು ಬೆಂಗಳೂರಿನಲ್ಲೇ ಉಳಿದೆ. ಏಳನೆಯವನ ಮಾತನ್ನು ಮುಂದೆ ಹೇಳುತ್ತೇನೆ.

ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 2024ರ ಡಿಸೆಂಬರಿನಲ್ಲಿ ಕೂಡುವುದೆಂದು ಮೊದಲು ನಿಶ್ಚಯವಾಗಿತ್ತು. ಒಬ್ಬರಿಗೆ ಒದಗಿದ ದಿನ ಇನ್ನೊಬ್ಬರಿಗೆ ಒದಗದೆ ಆ ವರ್ಷವೇ ಕಳೆದುಹೋಯಿತು. ಕಾಲವನ್ನು ತಿದ್ದಿ ಹೆಸರು ಪಡೆದವರಿಗೆ ಒಂದು ತಾರೀಖು ಗೊತ್ತುಮಾಡಲಾಗಲಿಲ್ಲವೆಂದರೆ ನಗು ಬರುವುದಿಲ್ಲವೇ? ಕೊನೆಗೆ ಒಂದು ಭಾನುವಾರ ಎಲ್ಲರೂ ಮಾತಿಗೆ ಸಿಕ್ಕಿದೆವು. ನಮಗೆ ಬೆಳಗಿನ ಏಳು ಗಂಟೆ, ಸಿಂಗಪುರದಲ್ಲಿ ಒಂಬತ್ತೂವರೆ, ಸಿಯಾಟಲ್‌ನಲ್ಲಿ ಇನ್ನೂ ಶನಿವಾರದ ಸಂಜೆ ಆರೂವರೆ. ಬೆಂಗಳೂರಿನ ಹೊರವಲಯದ ವಿಹಾರಧಾಮವೊಂದನ್ನು ಹಿಡಿಯೋಣವೆಂದು ಒಬ್ಬನು ಹೇಳಿದನು. ಕೆಲಸ ಹೋದವನು ಮಾತನಾಡಲಿಲ್ಲ. ಅಲ್ಲಿಯ ಖರ್ಚು ಅವನಿಗೆ ಭಾರವೆಂಬುದು ನಮಗೆ ಆಮೇಲೆ ಹೊಳೆಯಿತು. ಭದ್ರಾವತಿಯ ಗೆಳತಿಗೆ ಒಡನೆಯೇ ಹೊಳೆದಿತ್ತು. "ಅದೆಲ್ಲ ಬೇಡ. ನಮ್ಮ ಸೀಮೆಯ ಕೂಡಲಿಗೆ ಬನ್ನಿ. ಹೊಳೆಯ ದಡದಲ್ಲಿ ಬಾಳೆಲೆಯ ಊಟ ಮಾಡೋಣ" ಎಂದಳು. ಸ್ವಲ್ಪ ಹೊತ್ತು ತಡೆದು, "ಆದರೆ ಆರು ಮಂದಿ ಬರುವುದಾದರೆ ನಾನು ಬರುವುದಿಲ್ಲ. ಏಳನೆಯವನನ್ನು ಕರೆಯಬೇಕಾದವನು ನೀನು" ಎಂದು ನನ್ನ ಹೆಸರನ್ನು ಹಿಡಿದು ಹೇಳಿದಳು.

ಏಳನೆಯವನು ತೀರ್ಥಹಳ್ಳಿಯ ಕಡೆಯವನು. ನಮ್ಮಲ್ಲಿ ಅವನೇ ಜಾಣ. ಉಳಿದವರು ಒಬ್ಬೊಬ್ಬರಾಗಿ ಬೇರೆಡೆಗೆ ಹೋದ ಮೇಲೂ ನಾವಿಬ್ಬರು ಅಲ್ಲೇ ಇದ್ದೆವು; ನಾನು ತಂಡದ ಮುಖಂಡನಾಗಿದ್ದೆ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಅದರ ಪೆಟ್ಟು ನಮ್ಮ ಕಟ್ಟಡಕ್ಕೂ ತಗುಲಿತು. 2009ರ ಆರಂಭದಲ್ಲಿ ಮೂವರ ಹೆಸರನ್ನು ಬರೆದುಕೊಡುವಂತೆ ನನಗೆ ಆಜ್ಞೆಯಾಯಿತು. ಮೂವರಲ್ಲಿ ಅವನ ಹೆಸರನ್ನೂ ಬರೆದೆ. ಉಳಿದವರಿಗೆ ಮನೆಯ ಸಾಲವಿದೆ, ಇವನಿಗಾದರೆ ಊರಿನಲ್ಲಿ ಅಡಿಕೆಯ ತೋಟವಿದೆ ಎಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅವನಿಗೆ ಮಾತ್ರ ಒಂದು ಮಾತನ್ನೂ ಹೇಳಲಿಲ್ಲ. ಅಂದಿನಿಂದ ನಾವು ಮಾತನಾಡಿರಲಿಲ್ಲ.

ಈ ಸಲ ಪತ್ರ ಬರೆದೆ. ಫೋನಿನಲ್ಲಿ ಧ್ವನಿ ನಡುಗಿದರೆ ಗೊತ್ತಾಗುತ್ತದೆ; ಕಾಗದದಲ್ಲಿ ಆ ಭಯವಿಲ್ಲ. ಸ್ಥಳವನ್ನು ನೋಡಲು ಇಂಥ ದಿನ ಕೂಡಲಿಗೆ ಹೋಗುತ್ತೇನೆ, ಬರಲಾದೀತೆ ಎಂದಷ್ಟೇ ಕೇಳಿದ್ದೆ. "ಹತ್ತು ಗಂಟೆಗೆ ನಂದಿಯ ಹತ್ತಿರ" ಎಂದು ನಾಲ್ಕು ಪದಗಳ ಉತ್ತರ ಬಂದಿತು.

ಹೀಗೆ, ಮಳೆಗಾಲ ಮುಗಿದು ಹೊಳೆಗಳು ತಿಳಿಯಾದ ಮೇಲೆ, ನಾನು ಶಿವಮೊಗ್ಗದ ರೈಲನ್ನು ಹತ್ತಿದೆ. ತುಮಕೂರು, ಅರಸೀಕೆರೆಗಳ ತೆಂಗಿನ ತೋಟಗಳು ಹಿಂದಾಗಿ, ಕಡೂರು ಬೀರೂರುಗಳ ಬಯಲು ಕಳೆದು, ತರೀಕೆರೆಯನ್ನು ಸಮೀಪಿಸಿದಂತೆ ಪಶ್ಚಿಮದಲ್ಲಿ ಬೆಟ್ಟಗಳ ನೀಲಿ ರೇಖೆ ಏಳುತ್ತದೆ. ಅದರ ಬಳಿಕ ಭದ್ರಾವತಿ. ಹಳೆಯ ಬೆಂಕಿಪುರವೇ ಇದು. ಇಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸವನ್ನು ಆರಂಭಿಸಿತು. ವಿಶ್ವೇಶ್ವರಯ್ಯನವರ ಶ್ರಮ ಅದರ ಹಿಂದಿದೆ. ತಲೆಮಾರುಗಳಿಗೆ ಅನ್ನವಿತ್ತ ಊರು ಈಗ ಮೊದಲಿನ ಗಲಾಟೆಯಲ್ಲಿಲ್ಲ. ದುಡಿಮೆಯ ಜಾಗಗಳು ಬದಲಾಗುವುದು ನಮ್ಮ ಗಣಕಯಂತ್ರದ ಯುಗದಲ್ಲಿ ಮೊದಲಾದ ಸಂಗತಿಯಲ್ಲವೆಂದು ಕಿಟಕಿಯಲ್ಲಿ ಕುಳಿತವನಿಗೆ ಹೊಳೆಯಿತು.

ಆ ರಾತ್ರಿ ಶಿವಮೊಗ್ಗದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಹೊಳೆಹೊನ್ನೂರಿನ ದಾರಿಯನ್ನು ಹಿಡಿದೆ. ಕೂಡಲಿ ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರು. ಇಕ್ಕೆಲದಲ್ಲಿ ಗದ್ದೆ, ಅಡಿಕೆ, ಅಲ್ಲಲ್ಲಿ ಕಬ್ಬು. ನೆಲ ಸಪಾಟು. ಎರಡು ದೊಡ್ಡ ಹೊಳೆಗಳು ಎಡಬಲದಲ್ಲಿ ಹತ್ತಿರಹತ್ತಿರ ಬರುತ್ತಿವೆಯೆಂದು ದಾರಿಗನಿಗೆ ತಿಳಿಯುವುದೇ ಇಲ್ಲ.

ಈ ಹೊಳೆಗಳ ಕಥೆಯನ್ನು ಇಲ್ಲಿ ಹೇಳಬೇಕು. ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕುದುರೆಮುಖದ ಕಾಡಿನಲ್ಲಿ, ವರಾಹ ಪರ್ವತದ ಗಂಗಾಮೂಲವೆಂಬ ಎಡೆ ಇದೆ. ಹಿರಣ್ಯಾಕ್ಷನನ್ನು ಕೊಂದು ದಣಿದು ಕುಳಿತ ವರಾಹಸ್ವಾಮಿಯ ಎಡದಾಡೆಯಿಂದ ತುಂಗೆಯೂ ಬಲದಾಡೆಯಿಂದ ಭದ್ರೆಯೂ ಕಣ್ಣುಗಳಿಂದ ನೇತ್ರಾವತಿಯೂ ಹರಿದವೆಂಬುದು ಐತಿಹ್ಯ. ಒಂದೇ ತಾಯಿಯ ಮಡಿಲಲ್ಲಿ ಹುಟ್ಟಿದ ಮೂವರೂ ಬೇರೆಬೇರೆ ದಾರಿ ಹಿಡಿಯುತ್ತಾರೆ. ನೇತ್ರಾವತಿ ಪಶ್ಚಿಮಕ್ಕಿಳಿದು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನಲ್ಲಿ ಕಡಲನ್ನು ಸೇರುತ್ತಾಳೆ. ಮತ್ತೆ ತಿರುಗಿ ನೋಡುವವಳಲ್ಲ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗಗಳನ್ನು ಹಾಯ್ದು ಸುಮಾರು 147 ಕಿಲೋಮೀಟರು ನಡೆದು ಬರುತ್ತಾಳೆ. ಭದ್ರೆಯದು ಇನ್ನೂ ಉದ್ದದ ದಾರಿ. ಕಳಸ, ಬಾಳೆಹೊನ್ನೂರುಗಳನ್ನು ಬಳಸಿ, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ತಡೆದು ನಿಂತು, ಭದ್ರಾವತಿಯ ಮೂಲಕ ಬರಬೇಕು. ಕುದುರೆಮುಖದ ಅದಿರಿನ ಕೆಮ್ಮಣ್ಣನ್ನೂ ಆಕೆ ಬಹುಕಾಲ ಹೊತ್ತಳು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಹೀಗೆ ಒಬ್ಬಳು ಮಠದ ಘಂಟೆಯನ್ನು ಕೇಳಿ, ಇನ್ನೊಬ್ಬಳು ಕಾರ್ಖಾನೆಯ ಸದ್ದನ್ನು ಕೇಳಿ, ಕೊನೆಗೆ ಕೂಡಲಿಯಲ್ಲಿ ಸೇರುತ್ತಾರೆ. ಅಲ್ಲಿಂದ ಮುಂದೆ ತುಂಗಭದ್ರೆ ಎಂಬ ಒಂದೇ ಹೆಸರು. ಹರಿಹರ, ಹಂಪೆ, ಮಂತ್ರಾಲಯಗಳನ್ನು ಕಂಡು ಕೃಷ್ಣೆಯನ್ನು ಸೇರುವವರೆಗೆ ಸುಮಾರು 531 ಕಿಲೋಮೀಟರುಗಳ ಹರಿವು.

ಊರು ಚಿಕ್ಕದು. ಹಂಚಿನ ಮನೆಗಳು, ಮಠಗಳು, ಗುಡಿಗಳು. ಹೊಯ್ಸಳರ ಕಾಲದ, ಹನ್ನೆರಡನೆಯ ಶತಮಾನದ ರಾಮೇಶ್ವರ ದೇವಾಲಯ ನೋಡತಕ್ಕದ್ದು. ಬೇಲೂರು ಹಳೇಬೀಡುಗಳ ಶಿಲ್ಪದ ಸಂದಣಿಯನ್ನು ಇಲ್ಲಿ ನಿರೀಕ್ಷಿಸಬಾರದು. ಒಂದೇ ಗರ್ಭಗುಡಿಯ ಸರಳವಾದ ಕಟ್ಟಡ. ಬೆಳಗಿನ ಬಿಸಿಲು ಅದರ ಗೋಡೆಗಳ ಮೇಲೆ ಮೆಲ್ಲಗೆ ಏರುತ್ತಿತ್ತು. ಸಂಗಮೇಶ್ವರ, ನರಸಿಂಹ ದೇವರ ಗುಡಿಗಳನ್ನೂ ನೋಡಿಕೊಂಡು, ಮೆಟ್ಟಿಲುಗಳನ್ನಿಳಿದು ಸಂಗಮಕ್ಕೆ ಬಂದೆ. ನೀರಿನ ತುದಿಯಲ್ಲಿ ಚಿಕ್ಕದೊಂದು ನಂದಿಯ ಗುಡಿ. ಎಡಕ್ಕೆ ತುಂಗೆ, ಬಲಕ್ಕೆ ಭದ್ರೆ. ಎರಡೂ ನೀರು ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಸಾಗಿ, ಎಲ್ಲಿ ಬೆರೆತವೆಂದು ಬೆರಳಿಟ್ಟು ತೋರಿಸಲಾಗದಂತೆ ಬೆರೆಯುತ್ತವೆ.

ಅವನು ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದನು. ತಲೆ ನರೆತಿತ್ತು, ಕೈಗಳು ಕೃಷಿಕನ ಕೈಗಳಾಗಿದ್ದವು. ಕುಶಲಪ್ರಶ್ನೆಯಾಯಿತು. ಅಡಿಕೆಗೆ ಈ ವರ್ಷ ಕೊಳೆರೋಗ ಹೆಚ್ಚೆಂದನು. ಬಳಿಕ ಇಬ್ಬರೂ ನೀರನ್ನು ನೋಡುತ್ತ ಸುಮ್ಮನಾದೆವು.

"ಪಟ್ಟಿ ಬರೆದವನು ನೀನೆಂದು ನನಗೆ ಅಂದೇ ಗೊತ್ತಿತ್ತು" ಎಂದು ಅವನೇ ಆರಂಭಿಸಿದನು. "ಯಾರಾದರೊಬ್ಬರು ಬರೆಯಲೇಬೇಕಿತ್ತು. ಅಂದು ಸಂಜೆ ಏಳರವರೆಗೆ ನಾನು ಕ್ಯಾಂಟೀನಿನಲ್ಲಿ ಕುಳಿತಿದ್ದೆ. ನೀನು ಬಂದೇ ಬರುತ್ತೀಯೆಂದು ಎರಡು ಕಾಫಿ ತರಿಸಿದ್ದೆ. ನೀನು ಹಿಂದಿನ ಮೆಟ್ಟಿಲಿನಿಂದ ಇಳಿದುಹೋದೆ."

ಅದು ನಿಜ. ಹದಿನಾರು ವರ್ಷಗಳಲ್ಲಿ ಇದಕ್ಕೆ ಎಷ್ಟೋ ಉತ್ತರಗಳನ್ನು ಹೊಂದಿಸಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ನಿನಗೆ ತೋಟವಿದೆಯಲ್ಲ, ಹೇಗೋ ಆಗುತ್ತದೆ ಎಂದುಕೊಂಡೆ" ಎಂದಷ್ಟೇ ಹೇಳಿದೆ.

"ತೋಟದ ಮೇಲೆ ಆಗ ಸಾಲವಿತ್ತು. ಕೇಳಿದ್ದರೆ ಹೇಳುತ್ತಿದ್ದೆ."

ನಾನು ತಪ್ಪಾಯಿತೆಂದೆ. ಅವನು ಆಗಲಿ ಎಂದೂ ಹೇಳಲಿಲ್ಲ, ಆಗದು ಎಂದೂ ಹೇಳಲಿಲ್ಲ.

ನಮ್ಮ ವೃತ್ತಿಯ ಒಂದು ಪದ್ಧತಿಯನ್ನು ವಾಚಕರಿಗೆ ತಿಳಿಸಬೇಕು. ಹಲವರು ಒಂದೇ ಕ್ರಮವಿಧಿಯ ಮೇಲೆ ಕೆಲಸ ಮಾಡುವಾಗ ಒಬ್ಬೊಬ್ಬರೂ ಅದರ ಪ್ರತಿಯನ್ನು ತೆಗೆದುಕೊಂಡು ತಮ್ಮ ಕವಲಿನಲ್ಲಿ ಬರೆಯುತ್ತಾರೆ. ಆಮೇಲೆ ಕವಲುಗಳನ್ನು ಕೂಡಿಸಬೇಕು. ಒಬ್ಬರು ಒಂದೆಡೆ, ಇನ್ನೊಬ್ಬರು ಬೇರೊಂದೆಡೆ ತಿದ್ದಿದ್ದರೆ ಯಂತ್ರವೇ ಕೂಡಿಸುತ್ತದೆ. ಇಬ್ಬರೂ ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದ್ದರೆ ಮಾತ್ರ ಯಂತ್ರ ಕೈಚೆಲ್ಲಿ ನಿಲ್ಲುತ್ತದೆ. ಎರಡು ಪಾಠಗಳನ್ನೂ ಒಂದರ ಕೆಳಗೊಂದು ಬರೆದು ತೋರಿಸಿ, ಇದನ್ನು ಮನುಷ್ಯರೇ ಕುಳಿತು ತೀರ್ಮಾನಿಸಿಕೊಳ್ಳಿ ಎನ್ನುತ್ತದೆ. ಕೋರಮಂಗಲದಲ್ಲಿ ಅಂಥ ತೊಡಕು ಬಂದಾಗಲೆಲ್ಲ ನಾವಿಬ್ಬರೂ ಒಂದೇ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆವು. ಅವನಿಗೂ ಅದು ನೆನಪಾಗಿರಬೇಕು. "ಇಷ್ಟು ವರ್ಷ ನೀನು ನಿನ್ನ ಸಾಲನ್ನು ಓದಿಕೊಂಡೆ, ನಾನು ನನ್ನದನ್ನು ಓದಿಕೊಂಡೆ" ಎಂದು ನಕ್ಕನು. ಆ ದಿನದ ಮೊದಲ ನಗು ಅದು.

ಅನಂತರ ಮಾತು ಹಗುರವಾಯಿತು. ಸಿಯಾಟಲ್‌ನವನು ಬರುತ್ತಾನೆಯೇ ಎಂದು ಕೇಳಿದನು. ಖಚಿತವಾಗಿ ಹೇಳಿಲ್ಲವೆಂದೆ. "ನೇತ್ರಾವತಿಯ ಜಾತಿ" ಎಂದನು. ಕೆಲಸ ಹೋದವನ ಸ್ಥಿತಿಯನ್ನು ಎರಡು ಸಲ ವಿಚಾರಿಸಿದನು. "ಕಳೆದುಕೊಂಡ ಮೊದಲ ವರ್ಷ ಕಷ್ಟ. ಅವನನ್ನು ನಾಲ್ಕು ದಿನ ಮೊದಲೇ ನನ್ನ ಮನೆಗೆ ಕಳುಹಿಸು" ಎಂದನು. ತನ್ನ ಬರವನ್ನು ಅವನು ಒಪ್ಪಿಕೊಂಡದ್ದು ಹೀಗೆಯೇ ಹೊರತು ಬೇರೆ ಮಾತಿನಿಂದಲ್ಲ.

ಶಿವಮೊಗ್ಗಕ್ಕೆ ಹಿಂದಿರುಗಿ, ಅವನು ತೀರ್ಥಹಳ್ಳಿಯ ಬಸ್ಸನ್ನು ಹತ್ತುವ ಮುನ್ನ, ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕುಳಿತೆವು. ಎರಡು ಕಾಫಿಯನ್ನು ನಾನೇ ತರಿಸಿದೆ. ಹಣ ಕೊಡಲು ಅವನು ಕೈ ನೀಡಲಿಲ್ಲ. ಕೊಡುವ ಹಕ್ಕನ್ನು ನನಗೆ ಬಿಟ್ಟುಕೊಟ್ಟನು.

ಕೂಡಲಿಯನ್ನು ನೋಡಬಯಸುವವರು ಮಳೆಗಾಲದ ಪ್ರವಾಹ ಇಳಿದ ಮೇಲೆ, ನವೆಂಬರಿನಿಂದ ಫೆಬ್ರವರಿಯ ಒಳಗೆ ಹೋಗುವುದು ಲೇಸು. ಬಿರುಬೇಸಿಗೆಯಲ್ಲಿ ನೀರು ಕಡಿಮೆ. ಶಿವಮೊಗ್ಗದಲ್ಲಿ ತಂಗಿ, ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲೇ ಗುಡಿಗಳನ್ನೂ ಸಂಗಮವನ್ನೂ ನೋಡಬಹುದು. ಸೆಳವಿನ ಅರಿವಿಲ್ಲದೆ ನೀರಿಗಿಳಿಯಬಾರದು. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು ಎಂಬ ನಾಣ್ಣುಡಿಯುಂಟು. ಆದರೆ ಇಂದು ಊರುಗಳ ಕೊಳೆಯೂ ಹೊಳೆಗೆ ಸೇರುತ್ತಿರುವುದರಿಂದ ಕುಡಿಯುವ ನೀರನ್ನು ಜೊತೆಗೆ ಒಯ್ಯುವುದೇ ವಿವೇಕ.

ಬರುವ ಡಿಸೆಂಬರ್ 31ಕ್ಕೆ ದಿನ ಗೊತ್ತಾಗಿದೆ. ಅಡುಗೆಯವರನ್ನು ಗೊತ್ತುಮಾಡಲು ಭದ್ರಾವತಿಗೆ ಫೋನು ಮಾಡಿದೆ. "ಎಷ್ಟು ಎಲೆ ಹಾಕಿಸಲಿ?" ಎಂದು ಗೆಳತಿ ಕೇಳಿದಳು.

"ಏಳು" ಎಂದೆ.