ನಮ್ಮ ಮೀನುಗಳನ್ನು ಕ್ಷಮಿಸು

ಈ ಕಡೆ ತಲೆ ಹಾಕದೆ ಐದು ತಿಂಗಳಾಯ್ತು. ನಡುವೆ ಮೇಲ್ ಮಾಡಿ "ಎಲ್ಲಿ ಸತ್ತೆ ಮಾರಾಯ" ಅಂತ ಪ್ರೀತಿಯಿಂದ ವಿಚಾರಿಸಿದವರಿಗೆಲ್ಲ ಒಟ್ಟಿಗೆ ಉತ್ತರ ಕೊಡ್ತಾ ಇದ್ದೇನೆ. ಬೆಂಗಳೂರಿನ ಕೆಲಸ ಬಿಟ್ಟು ಬೊಲಿವಿಯಾ ದೇಶದ ಕೊಚಬಾಂಬ ಅನ್ನೋ ಊರಿಗೆ ಬಂದಿದ್ದೇನೆ. ಎರಡು ವರ್ಷಕ್ಕೆ. ಮಿಷನ್ ಕೆಲಸಕ್ಕೆ.

ಈ ಕೊನೆಯ ಎರಡು ಪದ ಕೇಳಿ ಆಫೀಸಿನ ಪಕ್ಕದ ಸೀಟಿನ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ "ಮತಾಂತರ ಮಾಡ್ಲಿಕ್ಕಾ?" ಅಂದ. ಕೇಳಿದ್ದು ತಪ್ಪೇನಲ್ಲ. ನಿಮ್ಮಲ್ಲೂ ಕೆಲವರಿಗೆ ಅದೇ ಪ್ರಶ್ನೆ ಬಂದಿರುತ್ತೆ. ಆ ಕೆಲಸವನ್ನ ಸ್ಪೇನಿನವರು ನಾನೂರು ಐನೂರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದಾರೆ, ಅದೂ ಮೆಲ್ಲಗೆ ಕೇಳಿಕೊಂಡೇನೂ ಅಲ್ಲ. ಊರ ಗುಡ್ಡದ ಮೇಲೆ 34 ಮೀಟರ್ ಎತ್ತರದ ಕ್ರಿಸ್ತನ ಪ್ರತಿಮೆ ಇದೆ. ಅದು ರಿಯೋದಲ್ಲಿರುವುದಕ್ಕಿಂತ ಎತ್ತರ ಅಂತ ಬಂದ ಮೊದಲ ದಿನವೇ ಮೂರು ಜನ ಹೇಳಿದರು. ನಾನಿರುವುದು ಊರಂಚಿನ ಒಂದು ಸಣ್ಣ ಚರ್ಚಿನಲ್ಲಿ. ಶಾಲೆ ಮುಗಿಸಿ ಬರುವ ಮಕ್ಕಳಿಗೆ ಊಟ, ಆಮೇಲೆ ಹೋಂವರ್ಕ್. ನನ್ನ ಪಾಲಿಗೆ ಬಂದದ್ದು ಆರು ಹಳೇ ಕಂಪ್ಯೂಟರು, ಲೆಕ್ಕಪತ್ರ, ಮತ್ತೆ ಪಾತ್ರೆ ತೊಳೆಯೋದು. ಮೂರನೆಯದರಲ್ಲಿ ಮಾತ್ರ ನನಗೆ ಒಳ್ಳೆಯ ಹೆಸರಿದೆ :)

ಬೆಳಿಗ್ಗೆ ಸ್ಪ್ಯಾನಿಷ್ ಕ್ಲಾಸು. ಇದರ ಬಗ್ಗೆ ಸ್ವಲ್ಪ ಕೊಚ್ಚಿಕೊಳ್ಳಲೇಬೇಕು. ಜೊತೆಗಿರುವ ಅಮೆರಿಕದವರು "ಮೆ ಗುಸ್ತಾ ಎಲ್ ಕಫೆ" ಅನ್ನೋದನ್ನ ಅರಗಿಸಿಕೊಳ್ಳಲಿಕ್ಕೆ ಒಂದು ವಾರ ಒದ್ದಾಡಿದರು. ನನಗೆ ಒಂದು ನಿಮಿಷ. 'ನನಗೆ ಕಾಫಿ ಇಷ್ಟ' ಅಂತ ನಾವು ಹೇಳೋದೇ ಹಾಗಲ್ವಾ! ತಲೆ ನೋಯೋದೂ ನಮ್ಮ ಹಾಗೆಯೇ, 'ನನಗೆ' ನೋಯೋದು. 'ತೂ', 'ಉಸ್ತೆದ್' ಅಂದ್ರೆ ನೀನು, ನೀವು. 'ತ', 'ದ' ನಮ್ಮವೇ. ಹಕಾರವನ್ನ ಪೂರ್ತಿ ನುಂಗಿಬಿಡ್ತಾರೆ, ಅದು ತಿಳಿದವರು ನಮ್ಮಲ್ಲೂ ಬೇಕಾದಷ್ಟು ಇದ್ದಾರೆ. ಸಂತೆಯಲ್ಲಿ ಆಲೂಗಡ್ಡೆ ಕೊಂಡರೆ ಮೇಲೊಂದು ಹಾಕ್ತಾರೆ, ಅದಕ್ಕೆ 'ಯಾಪಾ' ಅನ್ನೋದು. ನಮ್ಮ ಕೊಸರು! ಆವತ್ತು ಸಂಜೆ ಏನೋ ಗೆದ್ದವನ ಹಾಗೆ ಮನೆಗೆ ನಡೆದೆ.

ಈ ಜಂಬ ಇಳಿದದ್ದು ಎರಡನೇ ತಿಂಗಳು. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡು ಅಂತ ಪಾಸ್ಟರ್ ನನಗೆ ಹೇಳಿದರು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ನಲವತ್ತು ಮಕ್ಕಳ ಎದುರು ಕಣ್ಣು ಮುಚ್ಚಿ, ಭಕ್ತಿಯಿಂದ, ದೇವರೇ ನಮ್ಮ 'ಪೆಸ್ಕಾದೋಸ್' ಕ್ಷಮಿಸು ಅಂದೆ. ಪಾಪಗಳು ಅಂದ್ರೆ 'ಪೆಕಾದೋಸ್'. ನಾನು ಕ್ಷಮೆ ಕೇಳಿದ್ದು ಮೀನುಗಳಿಗೆ. ಮಂಗಳೂರಿನವನ ಬಾಯಲ್ಲಿ ಮತ್ತೇನು ಬರುತ್ತೆ ಹೇಳಿ. ಅದೂ ಸಮುದ್ರವಿಲ್ಲದ ದೇಶದಲ್ಲಿ! 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿ ಇವರ ಕರಾವಳಿಯನ್ನ ಕಿತ್ತುಕೊಂಡಿತು. ಇವತ್ತಿಗೂ ಪ್ರತಿ ಮಾರ್ಚ್ 23ಕ್ಕೆ ಇವರು 'ಸಮುದ್ರ ದಿನ' ಆಚರಿಸ್ತಾರೆ. ಬಂಗುಡೆ ನೆನೆಸಿಕೊಳ್ಳುವ ನನಗೂ ಇವರಿಗೂ ಅಷ್ಟರಮಟ್ಟಿಗೆ ನಂಟಸ್ತನ. ಆವತ್ತಿನಿಂದ ಮಕ್ಕಳ ಬಾಯಲ್ಲಿ ನನ್ನ ಹೆಸರು 'ಎರ್ಮಾನೊ ಪೆಸ್ಕಾದೊ', ಅಂದ್ರೆ ಮೀನಣ್ಣ.

ನಗು ಬಂತಲ್ವಾ? ನನಗೂ ಬಂತು. ಆದರೆ ನಾನು ಬರೆಯಲಿಕ್ಕೆ ಕೂತದ್ದು ಬೇರೆ ಒಂದು ನಗುವಿನ ಬಗ್ಗೆ.

ಅಡುಗೆಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಬೆಟ್ಟದ ಹಳ್ಳಿಯವರು, ಮದುವೆಯಾದ ಮೇಲೆ ಊರಿಗೆ ಇಳಿದವರು. ಅವರ ಭಾಷೆ ಕೆಚುವಾ. ಅದರಲ್ಲಿ ಸ್ವರಗಳು ಮೂರೇ: ಅ, ಇ, ಉ. ಹಾಗಾಗಿ ಅವರ ಸ್ಪ್ಯಾನಿಷ್‌ನಲ್ಲಿ 'ಎ' ಎಲ್ಲ 'ಇ' ಆಗುತ್ತೆ. ಮೇಜಿಗೆ 'ಮೆಸಾ' ಅನ್ನಬೇಕು, 'ಮಿಸಾ' ಅಂದ್ರೆ ಚರ್ಚಿನ ಪೂಜೆ. ಒಂದು ದಿನ ಅಜ್ಜಿ ನನ್ನ ಕೈಗೆ ಪಾತ್ರೆ ಕೊಟ್ಟು 'ಮಿಸಾ' ಮೇಲಿಡು ಅಂದರು. ಅವರ ಹತ್ತು ವರ್ಷದ ಮೊಮ್ಮಗ "ಮೆಸಾ ಅಜ್ಜೀ, ಮೆ-ಸಾ!" ಅಂತ ಕೂಗಿದ. ಮಕ್ಕಳೆಲ್ಲ ನಕ್ಕರು. ನನ್ನ ಮೀನಿಗೆ ನಕ್ಕದ್ದಕ್ಕಿಂತ ಹೆಚ್ಚೇನೂ ಅಲ್ಲ. ಆದರೆ ನಾನು ಜೊತೆಗೆ ನಕ್ಕಿದ್ದೆ, ಅಜ್ಜಿ ಬಾಯಿ ಮುಚ್ಚಿದರು. ಆವತ್ತು ಸಂಜೆಯವರೆಗೂ ಅವರು ಮಾತಾಡಲಿಲ್ಲ, ಆಲೂಗಡ್ಡೆ ಸುಲಿಯುತ್ತಾ ಇದ್ದರು ಅಷ್ಟೆ. ಇಲ್ಲಿಯ 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲಭಾಷೆಗಳನ್ನ ಅಧಿಕೃತ ಅಂದಿದೆ, ಕೆಚುವಾ ಕೂಡ ಸೇರಿ. ಆ ಮೊಮ್ಮಗನಿಗೆ ಕೆಚುವಾ ಬರೋದಿಲ್ಲ.

ನನಗೆ ಹೊಟ್ಟೆ ತೊಳಸಿದ ಹಾಗಾಯ್ತು. ಯಾಕೆಂದರೆ ಆ ಹುಡುಗನನ್ನ ನಾನು ಚೆನ್ನಾಗಿ ಬಲ್ಲೆ. ನಮ್ಮ ಮನೆಮಾತು ತುಳು, ಚರ್ಚಿನದು ಕನ್ನಡ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ನಮ್ಮ ಜೊತೆ ಬೆಂಗಳೂರಿಗೆ ಬಂದಿದ್ದರು. ಬಸ್ಸಿನಲ್ಲಿ ಕಂಡಕ್ಟರಿಗೆ "ಮುಲ್ಪ ಇಳೀಬೇಕು" ಅಂದರು. 'ಇಲ್ಲಿ' ಅನ್ನಲಿಕ್ಕೆ ತುಳುವೇ ಬಾಯಿಗೆ ಬಂದಿತ್ತು. ಬಸ್ಸಿನವರು ನಕ್ಕರು. ನಾನು "ಇಲ್ಲಿ ಅನ್ಬೇಕು ಅಜ್ಜೀ, ಸುಮ್ನಿರಿ" ಅಂತ ಗದರಿದೆ. ಅಜ್ಜಿ ಊರಿಗೆ ವಾಪಸ್ ಹೋಗೋ ತನಕ ಹೊರಗಿನವರ ಎದುರು ಬಾಯಿ ಬಿಡಲಿಲ್ಲ. ಅವರು ಈಗ ಇಲ್ಲ.

ಕಳೆದ ತಿಂಗಳು ಆಲೂಗಡ್ಡೆ ಸುಲಿಯಲಿಕ್ಕೆ ನಾನೂ ಪಕ್ಕದಲ್ಲಿ ಕೂತೆ. ಕೆಚುವಾದಲ್ಲಿ 'ನಾವು' ಅನ್ನೋದಕ್ಕೆ ಏನಂತೀರಿ ಅಂತ ಕೇಳಿದೆ. ಯಾವ 'ನಾವು' ಅಂದರು ಅಜ್ಜಿ. ಕೇಳುವವನನ್ನೂ ಸೇರಿಸಿಕೊಂಡರೆ ಒಂದು ಪದ, ಬಿಟ್ಟರೆ ಇನ್ನೊಂದು. ಕನ್ನಡದಲ್ಲಿ ಇದಿಲ್ಲ, ಸ್ಪ್ಯಾನಿಷ್‌ನಲ್ಲೂ ಇಲ್ಲ. ತುಳುವಿನಲ್ಲಿ ಇದೆ! 'ನಮ' ಅಂದ್ರೆ ನೀನೂ ಸೇರಿ, 'ಎಂಕುಲು' ಅಂದ್ರೆ ನಿನ್ನನ್ನ ಬಿಟ್ಟು. ಇದನ್ನ ನನ್ನ ಹರಕು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಅಜ್ಜಿ ಚಾಕು ಕೆಳಗಿಟ್ಟು ನಿನ್ನ ಅಜ್ಜಿಯೂ ಹೀಗೇ ಮಾತಾಡ್ತಿದ್ದರಾ ಅಂತ ಕೇಳಿದರು. ಆಮೇಲೆ ಕತ್ತಲಾಗೋವರೆಗೆ ಮಾತು. ಕರ್ತನ ಪ್ರಾರ್ಥನೆಯ ಮೊದಲ ಪದ ಕೆಚುವಾದಲ್ಲಿ 'ಯಾಯಾಯ್ಕು', ನಮ್ಮ ತಂದೆಯೇ ಅಂತ. ಅಲ್ಲಿ ಬರೋದು ಬಿಟ್ಟು ಹೇಳುವ 'ನಮ್ಮ'. ಮಾತು ದೇವರ ಜೊತೆ ಅಲ್ವಾ, ಅವನು ಮಕ್ಕಳ ಗುಂಪಿನಲ್ಲಿ ಹೇಗೆ ಸೇರ್ತಾನೆ ಅಂದರು ಅಜ್ಜಿ. ತಮ್ಮ ಹಳ್ಳಿಯ ವಿಷಯ ಬಂದಾಗಲೂ ಅದೇ ಬಿಟ್ಟು ಹೇಳುವ 'ನಾವು'. ಸರಿಯೇ, ನಾನು ಆ ಹಳ್ಳಿಯವನಲ್ಲವಲ್ಲ.

ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಕಿಟ್ಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಲವತ್ತೊಂದು ವರ್ಷ! ಚಿಕ್ಕಂದಿನಿಂದ ಈ ಕತೆ ಕೇಳಿ ಬೆಳೆದವನು ನಾನು, ಆದರೆ ಲೆಕ್ಕ ಹಾಕಿದ್ದು ಈಗಲೇ. ನನ್ನ ಎರಡು ವರ್ಷದಲ್ಲಿ ಒಂದು ವರ್ಷ ಸ್ಪ್ಯಾನಿಷ್‌ಗೇ ಹೋಗುತ್ತೆ. ಕೆಚುವಾ ಶುರುಮಾಡಿದರೆ ಎರಡು ಸಾಲೋದಿಲ್ಲ.

ಹೋದ ಶನಿವಾರ ಕೆಚುವಾ ಕ್ಲಾಸಿಗೆ ಹೆಸರು ಕೊಟ್ಟೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಬೆಳಿಗ್ಗೆ ಐದೂವರೆ, ದಿನಾ ಆ ಹೊತ್ತಿಗೆ ಫೋನು. ದಿನಾ ಅದೇ ಪ್ರಶ್ನೆ, ಇನ್ನು ಎಷ್ಟು ತಿಂಗಳಾಯ್ತು ಮಗಾ ಅಂತ. ಹತ್ತೊಂಬತ್ತು ಅಂತ ನಿನ್ನೆಯೂ ಹೇಳಿದೆ.

ತಂಗೀ, ನೀನು ಇದನ್ನ ಓದ್ತೀಯ ಅಂತ ಗೊತ್ತು. ನಾನೇ ಹೇಳ್ತೇನೆ, ನೀನು ಬಾಯಿ ಬಿಡಬೇಡ.