ವೈರು ಕಾಣಲಿ ಬಿಡು

ಮೈಸೂರು

ಪ್ರೀತಿಯ ಪುಟ್ಟಿ,

ಬೊಂಬೆಮನೆಯ ಫೋಟೋ ನೋಡಿದೆ. ತೊಟ್ಟಿಯ ಕಂಬ, ಪಡಸಾಲೆ, ಅಟ್ಟದ ಮೆಟ್ಟಿಲು ಎಲ್ಲ ನಮ್ಮ ಹಳೇ ಮನೆಯದೇ. ಗೊಂಬೆ ಹಬ್ಬಕ್ಕೆ ದೀಪ ಉರಿಯಬೇಕು, ವೈರು ಎಲ್ಲಿ ಬಚ್ಚಿಡಲಿ ಮಾಮ ಅಂತ ಕೇಳಿದ್ದೀಯ. ಬಚ್ಚಿಡಲೇ ಬೇಡ ಕಣೇ.

ಗೋಡೆ ಕೊರೆದು ಪೈಪು ಹೂಳುವುದೆಲ್ಲ ಆಮೇಲೆ ಬಂದದ್ದು. ನಮ್ಮ ಮನೆಗೆ ಕರೆಂಟು ಹಾಕಿಸಿದಾಗ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು, ಅದರ ಮೇಲೆ ವೈರು ಎಳೆದು, ಗೇಣಿಗೆ ಎರಡರಂತೆ ತಗಡಿನ ಕ್ಲಿಪ್ಪು ಮಡಚಿದ್ದರು. ಪ್ರತಿ ಸಲ ಸುಣ್ಣ ಹೊಡೆಸಿದಾಗಲೂ ಆ ಪಟ್ಟಿಗೂ ಒಂದು ಕೋಟು ಬೀಳುತ್ತಿತ್ತು. ನೀನೂ ಹಾಗೇ ಮಾಡು. ಐಸ್‌ಕ್ರೀಮ್ ಕಡ್ಡಿಯನ್ನು ಉದ್ದಕ್ಕೆ ಸೀಳಿದರೆ ಪಟ್ಟಿ ಸಿದ್ಧ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಇನಾಮಲ್ ತಂತಿ ಎರಡೆಳೆ, ಸೆಂಟಿಮೀಟರಿಗೊಂದು ಫಾಯಿಲ್ ಚೂರು. ಬೆಸುಗೆ ಹಾಕುವ ಮುಂಚೆ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ತಾಮ್ರ ಹೊಳೆಯುವ ಹಾಗೆ ಮಾಡು. ಇನಾಮಲ್ ಉಳಿದರೆ ಸೀಸ ಹಿಡಿಯೋದಿಲ್ಲ, ದೀಪವೂ ಹತ್ತೋದಿಲ್ಲ.

ನಿನ್ನ ಮನೆಯ ಅಳತೆ 1 ಅಡಿಗೆ 1 ಇಂಚು ಅಂದೆಯಲ್ಲ, ಅದು ನಮಗೆ ತುಂಬ ಅನುಕೂಲವಾಯಿತು. 5 ಮಿ.ಮೀ. ಎಲ್‌ಇಡಿಯನ್ನು 12ರಿಂದ ಗುಣಿಸು: 6 ಸೆಂ.ಮೀ., ಹಳೇ ಗುಂಡು ಬಲ್ಬಿನ ದಪ್ಪ! ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವಾರ್ಮ್ ವೈಟ್ ಅಂತಲೇ ಕೇಳಿ ತಗೋ. ನೀಲಿ ಛಾಯೆಯ ಬಿಳಿ ಬೆಳಕು ಆ ಮನೆ ಕಂಡದ್ದೇ ಇಲ್ಲ. ಎಲ್‌ಇಡಿಯ ತಲೆಯನ್ನು ಉಪ್ಪುಕಾಗದದಿಂದ ಉಜ್ಜಿ ಮಂಜು ಮಾಡು, ಇಲ್ಲದಿದ್ದರೆ ಬೆಳಕು ನೆಲದ ಮೇಲೆ ಕಾಸಿನಗಲ ಬಿದ್ದು ಗೋಡೆಗಳು ಕತ್ತಲಲ್ಲೇ ಉಳಿಯುತ್ತವೆ. ದೇವರಮನೆಗೆ 3 ಮಿ.ಮೀ.ನ ಕೆಂಪು ಒಂದು, ಅದೇ ಜೀರೋ ಬಲ್ಬು.

ಮೂರು ಪೆನ್ಸಿಲ್ ಸೆಲ್ ಹಾಕಿದರೆ 4.5 ವೋಲ್ಟ್. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ತಿನ್ನುತ್ತದೆ, ಉಳಿದ ಒಂದೂವರೆಯನ್ನು ರೆಸಿಸ್ಟರ್ ತಡೆಯಬೇಕು. 330 ಓಮ್ ಹಾಕು, 5 ಮಿಲಿಆಂಪಿಯರ್‌ಗಿಂತ ಕಡಿಮೆ ಹರಿಯುತ್ತದೆ. ಕೆಂಪಿಗೆ 2 ವೋಲ್ಟೇ ಸಾಕು, ಅದಕ್ಕೆ 560. ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕುವ ಜಿಪುಣತನ ಬೇಡ. ಕೆಂಪು ಒಂದೇ ಎಲ್ಲ ಎಳೆದುಕೊಂಡು ಮಿಕ್ಕವು ಹತ್ತೋದೇ ಇಲ್ಲ. ಉದ್ದನೆಯ ಕಾಲು ಪ್ಲಸ್ಸಿಗೆ. ತಿರುಗುಮುರುಗಾದರೆ ಇಷ್ಟು ಸಣ್ಣ ವೋಲ್ಟೇಜಿಗೆ ಅದೇನೂ ಸುಡೋದಿಲ್ಲ, ಸುಮ್ಮನಿರುತ್ತದೆ, ಅಷ್ಟೆ. ಬಟನ್ ಸೆಲ್ ಮಾತ್ರ ತರಲೇಬೇಡ. ಗೊಂಬೆ ನೋಡಲು ಬರುವ ಮಕ್ಕಳು ಅದನ್ನು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು.

ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದ ಎಡ್ವಿನ್ ಲುಟ್ಯೆನ್ಸ್ ಇಂಗ್ಲೆಂಡಿನ ರಾಣಿ ಮೇರಿಗಾಗಿ ಇದೇ ಅಳತೆಯಲ್ಲಿ ಒಂದು ಬೊಂಬೆಮನೆ ಮಾಡಿದ್ದ. 1924ರಲ್ಲಿ ವೆಂಬ್ಲಿಯ ಪ್ರದರ್ಶನದಲ್ಲಿ ಅದನ್ನಿಟ್ಟಿದ್ದರು, ಈಗ ವಿಂಡ್ಸರ್ ಕೋಟೆಯಲ್ಲಿದೆ. ಅದರಲ್ಲಿ ಕರೆಂಟು ದೀಪ, ಲಿಫ್ಟು, ನಲ್ಲಿಯ ನೀರು ಎಲ್ಲ ನಿಜದ್ದೇ. ಅದು ಅರಮನೆ, ಝಗಮಗ ಅದಕ್ಕೆ ಒಪ್ಪುತ್ತದೆ. ನಮ್ಮದಕ್ಕೆ ಅಷ್ಟು ಹಾಕಿದರೆ ಮದುವೆ ಛತ್ರದ ಹಾಗೆ ಕಾಣುತ್ತದೆ. ಪಡಸಾಲೆಗೊಂದು, ಅಡುಗೆಮನೆಗೊಂದು, ಮೆಟ್ಟಿಲಿಗೊಂದು, ದೇವರಿಗೊಂದು, ಬಚ್ಚಲಿಗೊಂದು ಸಾಕು. ಕೋಣೆ ಕತ್ತಲೇ ಇರಲಿ, ಅಲ್ಲಿ ಹಗಲಲ್ಲೂ ಏನೂ ಕಾಣುತ್ತಿರಲಿಲ್ಲ.

ಇನ್ನು ಸ್ವಿಚ್ಚು. ಮೂರು ಕಾಲಿನ ಪುಟಾಣಿ ಸ್ಲೈಡ್ ಸ್ವಿಚ್ಚಿನ ಉದ್ದ 8 ಮಿ.ಮೀ. ಚಿಲ್ಲರೆ. ಅದನ್ನೂ 12ರಿಂದ ಗುಣಿಸಿದರೆ ಹತ್ತು ಸೆಂ.ಮೀ., ಗೋಡೆಯ ಸ್ವಿಚ್ ಬೋರ್ಡಿನಷ್ಟೇ. ಹಾಗಾಗಿ ಮನೆಯ ಹಿಂದೆ ಎಲ್ಲೋ ಅಡಗಿಸದೆ ಆಯಾ ಬಾಗಿಲ ಪಕ್ಕದಲ್ಲೇ, ಕೆಳಗೆ ತೆಳು ಮರದ ಚೂರು ಕೊಟ್ಟು ಕೂರಿಸು. ಕೈಬೆರಳು ಹೋಗದಿದ್ದರೆ ಊದುಬತ್ತಿ ಕಡ್ಡಿಯಲ್ಲಿ ಸರಿಸಿದರಾಯಿತು.

ಮೆಟ್ಟಿಲಿಗೆ ಎರಡು ಸ್ವಿಚ್ಚು ಬೇಕು, ಕೆಳಗೊಂದು, ಅಟ್ಟದ ಬಾಗಿಲಲ್ಲೊಂದು. ಸೆಲ್ಲಿನ ಪ್ಲಸ್ ಕೆಳಗಿನದರ ನಡುಗಾಲಿಗೆ, ಮೇಲಿನದರ ನಡುಗಾಲಿನಿಂದ ರೆಸಿಸ್ಟರ್ ಮೂಲಕ ದೀಪಕ್ಕೆ, ದೀಪದಿಂದ ಮೈನಸ್ಸಿಗೆ. ಎರಡೂ ಸ್ವಿಚ್ಚಿನ ಹೊರಗಾಲುಗಳಿಗೆ ಒಂದರಿಂದ ಇನ್ನೊಂದಕ್ಕೆ ಎರಡು ತಂತಿ. ಕೆಳಗೆ ಹಾಕಿ ಮೇಲೆ ಆರಿಸಬಹುದು, ಮೇಲೆ ಹಾಕಿ ಕೆಳಗೆ ಆರಿಸಬಹುದು. ಅಕ್ಕ ಹಪ್ಪಳದ ಡಬ್ಬಿ ತರಲು ಅರ್ಧ ಮೆಟ್ಟಿಲು ಹತ್ತಿದಾಗ ನಾನು ಮೇಲಿಂದ ಆರಿಸಿಬಿಡುತ್ತಿದ್ದೆ. ಅವಳ ಕೂಗಿಗೆ ಪಕ್ಕದ ಮನೆಯವರು ಬಂದದ್ದೂ ಉಂಟು. ಈ ಎರಡು ಸ್ವಿಚ್ಚು ನೀನು ಬೇಡ ಅಂದರೂ ನಾನೇ ಬಂದು ಹಾಕುತ್ತೇನೆ.

ಸೆಲ್ ಡಬ್ಬಿ ಅಟ್ಟದಲ್ಲಿರಲಿ, ಭತ್ತದ ಮೂಟೆ ಇದ್ದ ಮೂಲೆಯಲ್ಲಿ. ದಿನವೂ ಸಂಜೆ ನಾಲ್ಕು ಗಂಟೆ ಕಾಲ ಉರಿಸಿದರೂ ವಿಜಯದಶಮಿವರೆಗೆ ಬರುತ್ತದೆ. ಕೊನೆಗೆ ಕೊಂಚ ಮಂಕಾದರೆ ನಮ್ಮೂರಿನ ವೋಲ್ಟೇಜು ಅಂದುಕೋ.

ಅಡುಗೆಮನೆ ಸ್ವಿಚ್ಚು ಬಾಗಿಲ ಎಡಗಡೆ ಇತ್ತು ಅಂತ ನನ್ನ ನೆನಪು. ಅಂಟಿಸುವ ಮುಂಚೆ ಅಮ್ಮನನ್ನು ಕೇಳು. ಬಲಗಡೆ ಅಂದರೆ ನನಗೆ ಫೋನ್ ಮಾಡಿ ಅವಳ ಕೈಗೆ ಕೊಡು, ನಾನೇ ಮಾತಾಡುತ್ತೇನೆ.

ನಿನ್ನ,
ಮಾಮ